ಥೀಮ್ ಪಾರ್ಕಿನಿಂದ ಗಿಂಡಿಯವರೆಗೆ

2022ರ ಜುಲೈ 28ರಂದು ಚೆನ್ನೈಯಲ್ಲಿ 44ನೆಯ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಾಯಿತು. ನೇಪಿಯರ್ ಸೇತುವೆಗೆ ಕಪ್ಪು ಬಿಳಿ ಚೌಕಗಳನ್ನು ಬಳಿದಿದ್ದರು. ಪಂಚೆಯುಟ್ಟ ಕುದುರೆ ‘ತಂಬಿ’ ಊರ ತುಂಬ ಕೈಮುಗಿದು ನಿಂತಿದ್ದ. ಅದೇ ದಿನ ಲಂಡನ್ನಿನ ಡೀಪ್‌ಮೈಂಡ್ ಕಂಪನಿ ಸುಮಾರು ಇಪ್ಪತ್ತು ಕೋಟಿ ಪ್ರೊಟೀನ್‌ಗಳ ಆಕಾರಗಳನ್ನು ಯಾರು ಬೇಕಾದರೂ ನೋಡಬಹುದಾದ ಕೋಶಕ್ಕೆ ಸೇರಿಸಿರುವುದಾಗಿ ಪ್ರಕಟಿಸಿತು. ಒಂದು ಆಟದ ಪುಟದ ಸುದ್ದಿ, ಇನ್ನೊಂದು ವಿಜ್ಞಾನದ ಪುಟದ್ದು. ನನ್ನ ಕಡತದಲ್ಲಿ ಮಾತ್ರ ಎರಡೂ ಒಂದೇ ಹೆಸರಿನ ಕೆಳಗೆ ಬಂದು ಕೂತವು: ಹುಡುಗನಾಗಿದ್ದಾಗ ಚೆಸ್ ಆಡಿದ, ಮುಂದೆ ಡೀಪ್‌ಮೈಂಡ್ ಕಟ್ಟಿದವರಲ್ಲಿ ಒಬ್ಬರಾದ ಡೆಮಿಸ್ ಹಸ್ಸಾಬಿಸ್, ವೃತ್ತಿ ವಿಡಿಯೊ ಗೇಮ್ ಡೆವಲಪರ್.

ವೃತ್ತಿಯನ್ನು ಹಾಗೆ ಬರೆದುಕೊಂಡದ್ದಕ್ಕೆ ಕಾರಣವಿದೆ. 2024ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಹಸ್ಸಾಬಿಸ್ ಒಬ್ಬರು. ಆಮೇಲೆ ಬಂದ ವ್ಯಕ್ತಿಚಿತ್ರಗಳಲ್ಲಿ ಅವರ ಗೇಮ್ ವರ್ಷಗಳಿಗೆ ಸಿಕ್ಕಿದ್ದು ಒಂದೊಂದು ಪ್ಯಾರಾ. ದೊಡ್ಡ ಮನುಷ್ಯನ ಬಾಲ್ಯಲೀಲೆ ಎಂಬ ಧಾಟಿಯಲ್ಲಿ ಬರೆದು, ಬೇಗ ಮುಗಿಸಿ, ಪ್ರಯೋಗಾಲಯಕ್ಕೆ ಹೋಗಿಬಿಡುತ್ತಾರೆ. ಲೆಕ್ಕ ಹಾಕಿದರೆ 1990ರ ದಶಕದ ಮೊದಲ ವರ್ಷಗಳಿಂದ 2005ರವರೆಗೆ, ನಡುವಿನ ಕಾಲೇಜು ದಿನಗಳನ್ನು ಬಿಟ್ಟರೆ, ಆತ ಹೊಟ್ಟೆ ಹೊರೆದುಕೊಂಡದ್ದೇ ಗೇಮ್ ಮಾಡಿ. ಹಾಗಾಗಿ ಸಂದರ್ಶನಗಳನ್ನು ಪಕ್ಕಕ್ಕಿಟ್ಟು ಪಟ್ಟಿಗಳನ್ನು ಹಿಡಿದೆ. ಚೆಸ್ ರೇಟಿಂಗ್ ಪಟ್ಟಿ, ಗೇಮಿನ ಕೊನೆಗೆ ತೆರೆಯ ಮೇಲೆ ಉರುಳುವ ಹೆಸರುಗಳು, ಸಂಶೋಧನಾ ಲೇಖನದ ತಲೆಯ ಮೇಲಿರುವ ಲೇಖಕರ ಸಾಲು. ವ್ಯಕ್ತಿಚಿತ್ರದಲ್ಲಿ ನಾಯಕ ಒಬ್ಬನೇ ನಡೆಯುತ್ತಾನೆ. ಪಟ್ಟಿಯಲ್ಲಿ ಅವನ ಜೊತೆ ನಡೆದವರೂ ಇರುತ್ತಾರೆ.

ಮೊದಲು ಚೆಸ್. ಹಸ್ಸಾಬಿಸ್ ಹುಟ್ಟಿದ್ದು 1976ರ ಜುಲೈ 27ರಂದು, ಲಂಡನ್ನಿನಲ್ಲಿ. ತಂದೆ ಸೈಪ್ರಸ್‌ನ ಗ್ರೀಕ್ ಮೂಲದವರು, ತಾಯಿ ಸಿಂಗಪುರದ ಚೀನೀ ಮೂಲದವರು. ನಾಲ್ಕನೆಯ ವಯಸ್ಸಿಗೆ ಆಟ ಕಲಿತ, ಎಂಟರ ಸುಮಾರಿಗೆ ಟೂರ್ನಿಯಲ್ಲಿ ಗೆದ್ದ ದುಡ್ಡಿನಿಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರ್ ಕೊಂಡ, ಹದಿಮೂರಕ್ಕೆ 2300 ರೇಟಿಂಗ್ ಮುಟ್ಟಿದ. ಇಷ್ಟು ಎಲ್ಲ ಕಡೆಯೂ ಒಂದೇ ತೆರನಾಗಿದೆ. ಇದರ ಜೊತೆಗೆ ಅಂಟಿಕೊಂಡು ಬರುವ ಇನ್ನೊಂದು ವಾಕ್ಯವಿದೆ: ಆಗ ಹದಿನಾಲ್ಕರೊಳಗಿನ ಆಟಗಾರರಲ್ಲಿ ಆತನಿಗಿಂತ ಮುಂದಿದ್ದವಳು ಹಂಗೇರಿಯ ಜುಡಿತ್ ಪೋಲ್ಗಾರ್ ಒಬ್ಬಳೇ, ಅವಳ ರೇಟಿಂಗ್ 2335. ಈ ಅಂಕಿ ನನಗೆ ಒಪ್ಪಿತವಾಗಲಿಲ್ಲ. ಪೋಲ್ಗಾರ್ ಕೂಡ 1976ರ ಜುಲೈಯಲ್ಲೇ ಹುಟ್ಟಿದವಳು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯ 1989ರ ಜನವರಿ ಪಟ್ಟಿಯಲ್ಲೇ ಅವಳದು 2555. ಜಗತ್ತಿನ ಮಹಿಳೆಯರಲ್ಲಿ ಮೊದಲ ಸ್ಥಾನ. ಹಸ್ಸಾಬಿಸ್‌ಗೆ ಹದಿಮೂರು ತುಂಬಿದ್ದು ಅದಾದ ಆರು ತಿಂಗಳಿಗೆ. 2300 ಮತ್ತು 2335 ಒಂದೇ ಪಟ್ಟಿಯ ಅಕ್ಕಪಕ್ಕದ ಅಂಕಿಗಳಾಗಿರಲು ಸಾಧ್ಯವೇ ಇಲ್ಲ. ಇಬ್ಬರ ನಡುವೆ ಇದ್ದದ್ದು ಮೂವತ್ತೈದು ಅಂಕದ ಗೇಣಲ್ಲ, ಇನ್ನೂರೈವತ್ತರಷ್ಟು ದೊಡ್ಡ ಕಂದಕ. ಇದರಿಂದ ಹುಡುಗನ ಪ್ರತಿಭೆಯೇನೂ ಕುಗ್ಗುವುದಿಲ್ಲ. ಆತ ಚೆಸ್ ಬಿಟ್ಟದ್ದು ಮಾತ್ರ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ.

ಬಿಟ್ಟ ಕಥೆಯನ್ನು ಅವರೇ ಹಲವು ಸಲ ಹೇಳಿದ್ದಾರೆ. ಲಿಕ್ಟೆನ್‌ಸ್ಟೈನ್‌ನ ಒಂದು ಟೂರ್ನಿಯಲ್ಲಿ ಅನುಭವಿ ಡೆನ್ಮಾರ್ಕ್ ಆಟಗಾರನ ಎದುರು ಗಂಟೆಗಟ್ಟಲೆ ಹೋರಾಡಿ, ಸೋತೆನೆಂದು ಕೈಚೆಲ್ಲಿದ. ಎದುರಾಳಿ ನಕ್ಕು, ಡ್ರಾ ಮಾಡಿಕೊಳ್ಳುವ ನಡೆ ಹಲಗೆಯ ಮೇಲೆಯೇ ಇತ್ತಲ್ಲ ಎಂದು ತೋರಿಸಿದ. ಇಷ್ಟೊಂದು ಬುದ್ಧಿ ಒಂದೇ ಕೋಣೆಯಲ್ಲಿ ಕೂತು ಈ ಚೌಕಗಳ ಮೇಲೆ ಖರ್ಚಾಗುತ್ತಿದೆಯಲ್ಲ ಎಂಬ ಯೋಚನೆ ಆಗ ಬಂತಂತೆ. ಅದೇ ಹೊತ್ತಿಗೆ ಮದ್ರಾಸಿನಲ್ಲಿ ಚೆಸ್ ಉಲ್ಟಾ ದಿಕ್ಕಿಗೆ ಓಡುತ್ತಿತ್ತು. ಸೋವಿಯತ್ ಸಾಂಸ್ಕೃತಿಕ ಕೇಂದ್ರದ ತಾಲ್ ಚೆಸ್ ಕ್ಲಬ್ಬಿನಲ್ಲಿ ಆಡಿ ಬೆಳೆದ ವಿಶ್ವನಾಥನ್ ಆನಂದ್ 1987ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್, 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್. ಬುದ್ಧಿ ಚೌಕಗಳ ಮೇಲೆ ಖರ್ಚಾಗುವುದು ನಷ್ಟ ಎಂದು ಮದ್ರಾಸಿನಲ್ಲಿ ಯಾರಿಗೂ ಅನ್ನಿಸಿದಂತಿಲ್ಲ. ಆ ಕ್ಲಬ್ಬಿನ ಹಿಂದೆ ಮ್ಯಾನ್ಯುಯೆಲ್ ಏರನ್ ಇದ್ದರು, 1961ರಲ್ಲೇ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದವರು. ಇಲ್ಲಿ ಒಂದು ಪರಂಪರೆ ಇತ್ತು. ಅಲ್ಲಿ ಒಬ್ಬ ಹುಡುಗನಿಗೆ ಕೈಗೆ ಸಿಕ್ಕ ಕಂಪ್ಯೂಟರ್ ಇತ್ತು.

ಎರಡನೆಯ ಪಟ್ಟಿ ಗೇಮುಗಳದು. ಶಾಲೆ ಬೇಗ ಮುಗಿಸಿದ ಹುಡುಗನಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯ, ಇನ್ನೂ ಚಿಕ್ಕವನು, ಒಂದು ವರ್ಷ ಬಿಟ್ಟು ಬಾ ಎಂದಿತು. ‘ಅಮಿಗ ಪವರ್’ ಪತ್ರಿಕೆ ಬುಲ್‌ಫ್ರಾಗ್ ಕಂಪನಿಯಲ್ಲಿ ಕೆಲಸವನ್ನೇ ಬಹುಮಾನವಾಗಿಟ್ಟು ಸ್ಪರ್ಧೆ ನಡೆಸಿದಾಗ ಹಸ್ಸಾಬಿಸ್ ಅದಕ್ಕೆ ತನ್ನ ಗೇಮ್ ಕಳಿಸಿದ. ಗಿಲ್ಡ್‌ಫರ್ಡ್‌ನಲ್ಲಿದ್ದ ಆ ಕಂಪನಿಯ ಬಾಗಿಲು ತೆರೆಯಿತು. ಪೀಟರ್ ಮಾಲಿನ್ಯೂ ಅದರ ಯಜಮಾನ. 1993ರ ‘ಸಿಂಡಿಕೇಟ್’ಗೆ ಹುಡುಗ ಲೆವೆಲ್‌ಗಳನ್ನು ಕೂಡಿಸಿದ. ಮರುವರ್ಷ ಬಂದ ‘ಥೀಮ್ ಪಾರ್ಕ್’ನ ಹೊತ್ತಿಗೆ ವಿನ್ಯಾಸದಲ್ಲಿ ಮಾಲಿನ್ಯೂ ಜೊತೆಗಾರ, ಪ್ರೋಗ್ರಾಮಿಂಗ್‌ನಲ್ಲಿ ಮುಂದಾಳು. ಕೆಲಸ ಮಾಡುವಾಗ ವಯಸ್ಸು ಹದಿನೇಳು. ಗೇಮ್ ಅಂಗಡಿಗೆ ಬಂದ 1994ರ ಬೇಸಿಗೆಯಲ್ಲಿ ಹದಿನೆಂಟರ ಅಂಚು.

ಥೀಮ್ ಪಾರ್ಕಿನಲ್ಲಿ ಆಟಗಾರ ಮೋಜಿನ ಉದ್ಯಾನವೊಂದರ ಮಾಲೀಕ. ತೊಟ್ಟಿಲು, ರೈಲು ಕಟ್ಟಬೇಕು, ಅಂಗಡಿ ಇಡಬೇಕು, ಗುಡಿಸುವವರನ್ನು ನೇಮಿಸಬೇಕು. ಒಳಗೆ ಬರುವ ನೂರಾರು ಚುಕ್ಕಿ ಮನುಷ್ಯರಿಗೆ ಒಬ್ಬೊಬ್ಬರಿಗೂ ಹಸಿವು, ಬಾಯಾರಿಕೆ, ಬೇಸರದ ಲೆಕ್ಕವಿದೆ. ಗೇಮ್ ಆಡಿದವರೆಲ್ಲ ನೆನಪಿಟ್ಟುಕೊಂಡಿರುವ ಕಿಲಾಡಿತನ ಒಂದುಂಟು: ಆಲೂಗೆಡ್ಡೆ ಚಿಪ್ಸಿಗೆ ಉಪ್ಪು ಜಾಸ್ತಿ ಮಾಡಿದರೆ ಪಕ್ಕದ ಅಂಗಡಿಯ ಕೋಲಾ ಹೆಚ್ಚು ಮಾರಾಟವಾಗುತ್ತದೆ. ಯಾರಿಗೂ ‘ಕೋಲಾ ಕೊಳ್ಳು’ ಎಂದು ಯಾರೂ ಆಜ್ಞೆ ಕೊಟ್ಟಿಲ್ಲ. ಉಪ್ಪಿಗೊಂದು ನಿಯಮ, ಬಾಯಾರಿಕೆಗೊಂದು ನಿಯಮ. ಎರಡೂ ಸೇರಿದಾಗ ಜನಜಂಗುಳಿಯ ನಡತೆ ತಾನಾಗಿ ಹುಟ್ಟುತ್ತದೆ. ಈ ಉಪ್ಪಿನ ವಿಷಯವನ್ನು ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡೆ. ಮುಂದಿನ ಮೂವತ್ತು ವರ್ಷಗಳ ಬೀಜ ಇಲ್ಲಿದೆ ಎನ್ನುವ ಆಸೆ ಸಂಶೋಧಕನಿಗೆ ಆಗುವುದು ಸಹಜ. ಅಷ್ಟು ಅವಸರ ಬೇಡ. ಅಂಥ ಗೇಮುಗಳನ್ನು ಆಗ ಇನ್ನೂ ಕೆಲವರು ಮಾಡುತ್ತಿದ್ದರು.

ಈ ಗೇಮಿನ ಹಳೆಯ ಪ್ರತಿಯೊಂದು ಸಿಕ್ಕೀತೆಂದು ಚೆನ್ನೈನ ಮೌಂಟ್ ರೋಡ್ ಪಕ್ಕದ ರಿಚಿ ಸ್ಟ್ರೀಟಿಗೆ ಹೋಗಿದ್ದೆ. ಅಲ್ಲೊಬ್ಬ ಹಳೆಯ ಅಂಗಡಿಯವರು ಹೊಸೂರು ಕಡೆಯವರು, ಕನ್ನಡದಲ್ಲೇ ಮಾತಿಗಿಳಿದರು. “ಬಾಕ್ಸು, ಬುಕ್ಕು ಎಲ್ಲಾ ಯಾರು ಕೇಳ್ತಿದ್ರು ಸಾರ್? ಖಾಲಿ ಸಿ.ಡಿ. ಮೇಲೆ ಮಾರ್ಕರಲ್ಲಿ ಹೆಸರು ಬರ್ದು ಕೊಡ್ತಿದ್ವಿ, ಅಷ್ಟೆ” ಎಂದರು. ನಮ್ಮ ಊರುಗಳಿಗೆ ಆ ಕಾಲದ ಗೇಮುಗಳು ಬಹುಪಾಲು ಬಂದದ್ದೇ ಹಾಗೆ. ಡಬ್ಬಿ ಇಲ್ಲ, ಕೈಪಿಡಿ ಇಲ್ಲ, ಮಾಡಿದವರ ಹೆಸರಿನ ಪುಟವಿಲ್ಲ. ಬರ್ಮಾ ಬಜಾರ್, ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರೋಡುಗಳಲ್ಲಿ ಗೇಮ್ ಕೊಂಡ ಒಂದು ತಲೆಮಾರಿಗೆ ಗೇಮುಗಳು ಗೊತ್ತು, ಮಾಡಿದವರು ಗೊತ್ತಿಲ್ಲ. ಸಿನಿಮಾದ ಸಂಗೀತ ನಿರ್ದೇಶಕನ ಸಹಾಯಕನ ಹೆಸರನ್ನೂ ಬಿಡದೆ ಹೇಳುವ ಊರಿನಲ್ಲಿ ಇದು ಸ್ವಲ್ಪ ವಿಚಿತ್ರವೇ.

ಕೇಂಬ್ರಿಜ್‌ನ ಕ್ವೀನ್ಸ್ ಕಾಲೇಜಿನಿಂದ 1997ರಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದ ಹಸ್ಸಾಬಿಸ್ ಮಾಲಿನ್ಯೂ ಅವರ ಹೊಸ ಕಂಪನಿ ಲಯನ್‌ಹೆಡ್ ಸೇರಿದರು. ಅಲ್ಲಿ ತಯಾರಾಗುತ್ತಿದ್ದುದು ‘ಬ್ಲ್ಯಾಕ್ ಆ್ಯಂಡ್ ವೈಟ್’. ಅದರಲ್ಲಿ ಆಟಗಾರ ದೇವರು, ಅವನಿಗೊಂದು ಸಾಕುಪ್ರಾಣಿ. ಪ್ರಾಣಿ ಮಾಡಿದ್ದು ಸರಿ ಎನಿಸಿದರೆ ಮೈದಡವಬೇಕು, ತಪ್ಪೆನಿಸಿದರೆ ಬಾರಿಸಬೇಕು. ಅದು ಕಲಿಯುತ್ತ ಹೋಗುತ್ತದೆ. ಹಸ್ಸಾಬಿಸ್ ಈ ಗೇಮಿನ ಕೃತಕ ಬುದ್ಧಿಮತ್ತೆಯ ಮುಖ್ಯಸ್ಥರಾಗಿದ್ದರು ಎಂದು ವ್ಯಕ್ತಿಚಿತ್ರಗಳು ಹೇಳುತ್ತವೆ. ಆದರೆ ಅವರು 1998ರಲ್ಲೇ ಲಯನ್‌ಹೆಡ್ ಬಿಟ್ಟರು, ಗೇಮ್ ಬಂದದ್ದು 2001ರಲ್ಲಿ. ಆ ಪ್ರಾಣಿಗೆ ಬುದ್ಧಿ ಕಟ್ಟಿದವರೆಂದು ಗೇಮ್ ಲೋಕ ಕೊಂಡಾಡಿದ್ದು ರಿಚರ್ಡ್ ಇವಾನ್ಸ್ ಅವರನ್ನು. ಇವಾನ್ಸ್ ಹೆಸರನ್ನು ಹಿಂಬಾಲಿಸಿದರೆ ಕೆಲವು ವರ್ಷಗಳ ಮೇಲೆ ಅವರೂ ಡೀಪ್‌ಮೈಂಡ್‌ನಲ್ಲಿ ಕಾಣಿಸುತ್ತಾರೆ. ಮುಂದೆ ಡೀಪ್‌ಮೈಂಡ್‌ನ 2021ರ ಪ್ರೊಟೀನ್ ಲೇಖನದ ಲೇಖಕರ ಸಾಲಿನಲ್ಲೂ ಇದೇ ಹೆಸರು ಬರುತ್ತದೆ. ಹೆಸರು ಒಂದೇ ಎಂದ ಮಾತ್ರಕ್ಕೆ ಮನುಷ್ಯ ಒಬ್ಬನೇ ಎಂದು ಬರೆಯಬಾರದು. ಇಂಗ್ಲೆಂಡಿನಲ್ಲಿ ರಿಚರ್ಡ್ ಇವಾನ್ಸ್ ಎಂದರೆ ನಮ್ಮಲ್ಲಿ ಮಂಜುನಾಥ ಇದ್ದ ಹಾಗೆ. ಆ ಗೆರೆಯನ್ನು ನಾನು ಎಳೆಯಲಿಲ್ಲ.

1998ರಲ್ಲಿ ಹಸ್ಸಾಬಿಸ್ ಲಂಡನ್ನಿನಲ್ಲಿ ಎಲಿಕ್ಸಿರ್ ಸ್ಟುಡಿಯೊಸ್ ಎಂಬ ಸ್ವಂತ ಕಂಪನಿ ಶುರು ಮಾಡಿದರು. ನನ್ನ ದೃಷ್ಟಿಯಲ್ಲಿ ಈ ಕಡತದ ಅತಿ ಮುಖ್ಯ ಭಾಗ ಇದು, ಏಕೆಂದರೆ ಇಲ್ಲಿ ಸೋಲು ದಾಖಲಾಗಿದೆ. ಅವರ ಮೊದಲ ಗೇಮ್ ‘ರಿಪಬ್ಲಿಕ್: ದಿ ರೆವಲ್ಯೂಷನ್’. ಸೋವಿಯತ್ ಒಕ್ಕೂಟ ಒಡೆದ ಮೇಲೆ ಉಳಿದ ತುಣುಕಿನಂಥ ನೊವಿಸ್ಟ್ರಾನಾ ಎಂಬ ಕಲ್ಪಿತ ದೇಶ. ಅಲ್ಲಿನ ಸರ್ವಾಧಿಕಾರಿಯನ್ನು ಕೆಳಗಿಳಿಸಬೇಕು. ಆರಂಭದ ಪ್ರಚಾರದಲ್ಲಿ ಕೊಟ್ಟ ಮಾತು ದೊಡ್ಡದು: ದೇಶದಲ್ಲಿ ಹತ್ತು ಲಕ್ಷ ಪ್ರಜೆಗಳಿರುತ್ತಾರೆ, ಪ್ರತಿಯೊಬ್ಬರಿಗೂ ಸ್ವಂತ ನಂಬಿಕೆ, ನಿಷ್ಠೆ, ದಿನಚರಿ ಇರುತ್ತದೆ. ವರ್ಷದ ಮೇಲೆ ವರ್ಷ ಹೋಯಿತು. 2003ರಲ್ಲಿ ಐಡಾಸ್ ಕಂಪನಿ ಅದನ್ನು ಬಿಡುಗಡೆ ಮಾಡಿದಾಗ ದೇಶ ಕುಗ್ಗಿತ್ತು, ಪ್ರಜೆಗಳು ಕರಗಿದ್ದರು. ವಿಮರ್ಶಕರು ಮಹತ್ವಾಕಾಂಕ್ಷೆಯನ್ನು ಮೆಚ್ಚಿ ಆಟವನ್ನು ಮೆಚ್ಚಲಿಲ್ಲ. ಮರುವರ್ಷದ ‘ಈವಿಲ್ ಜೀನಿಯಸ್’ ಹಗುರ, ತಮಾಷೆಯ ಗೇಮ್. ಜೇಮ್ಸ್ ಬಾಂಡ್ ಚಿತ್ರದ ಖಳನಾಯಕನಾಗಿ ಗುಪ್ತ ಅಡಗುದಾಣ ಕಟ್ಟುವ ಕೆಲಸ. ಇದನ್ನು ಜನ ಇಷ್ಟಪಟ್ಟರು. ಆದರೂ 2005ರ ಏಪ್ರಿಲಿನಲ್ಲಿ ಎಲಿಕ್ಸಿರ್ ಬಾಗಿಲು ಹಾಕಿತು. ಗೇಮುಗಳ ಹಕ್ಕನ್ನು ಆಕ್ಸ್‌ಫರ್ಡಿನ ರೆಬೆಲಿಯನ್ ಕಂಪನಿ ಕೊಂಡಿತು; ‘ಈವಿಲ್ ಜೀನಿಯಸ್ 2’ ಅನ್ನು ಅವರು 2021ರಲ್ಲಿ ತಂದರು.

ಹತ್ತು ಲಕ್ಷ ಪ್ರಜೆಗಳು ಬಾರದೆ ಹೋದದ್ದು ಬರೀ ಬಡಾಯಿಯ ಫಲವಲ್ಲ. ಅಂದಿನ ಮನೆಯ ಕಂಪ್ಯೂಟರಿಗೆ ಆ ತಾಕತ್ತು ಇರಲಿಲ್ಲ; ಅಷ್ಟು ಜನರಿಗೆ ಒಬ್ಬೊಬ್ಬರಿಗೂ ಕೈಯಿಂದ ನಿಯಮ ಬರೆಯುವುದು ಯಾರಿಂದಲೂ ಆಗದ ಕೆಲಸ. ನಿಯಮವನ್ನು ಬರೆದು ಕೊಡುವುದಲ್ಲ, ಯಂತ್ರವೇ ಕಲಿಯಬೇಕು ಎಂಬ ದಾರಿಗೆ ಮುಂದೆ ಬಂದವರು ಈ ಸೋಲನ್ನು ಉಂಡವರೇ. ಎಲಿಕ್ಸಿರ್‌ನ ಹೆಸರಿನ ಪಟ್ಟಿಯಲ್ಲಿ ಅದಕ್ಕೆ ಸಾಕ್ಷಿಯಿದೆ: ಸಹಸ್ಥಾಪಕ, ತಾಂತ್ರಿಕ ಮುಖ್ಯಸ್ಥ ಡೇವಿಡ್ ಸಿಲ್ವರ್. ಕೇಂಬ್ರಿಜ್‌ನ ಗೆಳೆಯ. ಗೇಮ್ ಕಂಪನಿಯನ್ನು ಬಿಟ್ಟು ಸಿಲ್ವರ್ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯಕ್ಕೆ ಹೋಗಿ, ‘ಗೋ’ ಎಂಬ ಪೂರ್ವ ಏಷ್ಯಾದ ಹಲಗೆಯಾಟವನ್ನು ಯಂತ್ರ ತಾನಾಗಿ ಕಲಿಯುವ ಬಗೆಯ ಮೇಲೆ ಪಿಎಚ್.ಡಿ. ಮಾಡಿದರು. 2016ರ ಮಾರ್ಚಿನಲ್ಲಿ ಸಿಯೋಲ್‌ನಲ್ಲಿ ಗೋ ಆಟಗಾರ ಲೀ ಸೆಡೋಲ್ ಅವರನ್ನು 4–1ರಿಂದ ಸೋಲಿಸಿದ, ಡೀಪ್‌ಮೈಂಡ್‌ನ ಆಲ್ಫಾಗೋ ತಂಡದ ನಾಯಕ ಇದೇ ಸಿಲ್ವರ್. ಆಲ್ಫಾಗೋ ಕಥೆ ಹೇಳುವವರು ಎಲಿಕ್ಸಿರ್ ಹೆಸರನ್ನು ಎತ್ತುವುದು ಅಪರೂಪ. ದಿವಾಳಿಯಂಚಿನ ಕಂಪನಿಗಳನ್ನು ಯಾರೂ ವಂಶವೃಕ್ಷದಲ್ಲಿ ಸೇರಿಸುವುದಿಲ್ಲ.

ಹಸ್ಸಾಬಿಸ್ ಹೋದದ್ದು ಇನ್ನೊಂದು ದಿಕ್ಕಿಗೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಲೀನರ್ ಮಗ್ವಾಯರ್ ಅವರ ಕೈಕೆಳಗೆ ಮಿದುಳು ವಿಜ್ಞಾನದ ಪಿಎಚ್.ಡಿ. 2007ರಲ್ಲಿ ಬಂದ ಅವರ ಲೇಖನ ಹೆಸರು ಮಾಡಿತು: ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಪೆಟ್ಟಾಗಿ ಮರೆವಿಗೆ ಬಿದ್ದ ಐವರು ರೋಗಿಗಳಿಗೆ ಹಿಂದಿನದು ನೆನಪಾಗುವುದಿಲ್ಲ ಮಾತ್ರವಲ್ಲ, ಹೊಸದೊಂದು ಸನ್ನಿವೇಶವನ್ನು ಊಹಿಸಿಕೊಳ್ಳುವುದೂ ಕಷ್ಟ. ‘ಒಂದು ಕಡಲತೀರದಲ್ಲಿ ಮಲಗಿದ್ದೀರಿ, ಏನು ಕಾಣುತ್ತದೆ?’ ಎಂಬಂಥ ಪ್ರಶ್ನೆಗೆ ಅವರಿಂದ ಬಿಡಿ ಬಿಡಿ ಚೂರುಗಳು ಬರುತ್ತವೆ, ದೃಶ್ಯ ಕೂಡುವುದಿಲ್ಲ. ಲೇಖಕರು ನಾಲ್ವರು. ಎರಡನೆಯ ಹೆಸರು ದರ್ಶನ್ ಕುಮಾರನ್. ಈ ಹೆಸರನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಹಿಂದಕ್ಕೆ ಹೋದರೆ ಚೆಸ್ ಪಟ್ಟಿ. ಕಿರಿಯರ ವಿಶ್ವ ಪ್ರಶಸ್ತಿ ಗೆದ್ದು ಮುಂದೆ ಗ್ರ್ಯಾಂಡ್‌ಮಾಸ್ಟರ್ ಆದ ಇಂಗ್ಲೆಂಡಿನ ಹುಡುಗ, ಹಸ್ಸಾಬಿಸ್‌ಗೆ ಹೆಚ್ಚುಕಡಿಮೆ ಓರಗೆಯವರು. ಅವರ ಹೆಸರು ಅಲ್ಲಿಗೂ ನಿಲ್ಲುವುದಿಲ್ಲ. ಹಳೆಯ ಅಟಾರಿಯ 49 ವಿಡಿಯೊ ಗೇಮುಗಳನ್ನು ತೆರೆಯ ಚುಕ್ಕಿಗಳನ್ನೂ ಅಂಕವನ್ನೂ ಮಾತ್ರ ನೋಡಿ ಕಲಿತ ಯಂತ್ರದ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ 2015ರಲ್ಲಿ ಬಂದ ಲೇಖನದಲ್ಲಿದೆ. ಚೆಸ್ಸನ್ನು ತನ್ನೊಡನೆ ತಾನೇ ಆಡಿ ಕಲಿತ ಆಲ್ಫಾಝೀರೊ ಬಗ್ಗೆ ‘ಸೈನ್ಸ್’ನಲ್ಲಿ 2018ರಲ್ಲಿ ಬಂದ ಲೇಖನದಲ್ಲೂ ಇದೆ. ಚೆಸ್ ಹಲಗೆಯಿಂದ ಎದ್ದು ಹೋದ ಇಬ್ಬರು ಹುಡುಗರು ಮಿದುಳನ್ನು ಸುತ್ತಿಕೊಂಡು ಅದೇ ಹಲಗೆಗೆ ಮರಳಿದ್ದರು.

ಡೀಪ್‌ಮೈಂಡ್‌ನ ಇತಿಹಾಸ ಎಲ್ಲರಿಗೂ ತಿಳಿದದ್ದೇ. 2010ರಲ್ಲಿ ಶೇನ್ ಲೆಗ್, ಮುಸ್ತಫಾ ಸುಲೇಮಾನ್ ಜೊತೆ ಹಸ್ಸಾಬಿಸ್ ಅವರಿಂದ ಆರಂಭ, 2014ರ ಜನವರಿಯಲ್ಲಿ ಗೂಗಲ್ ಕೈಗೆ. ಚೆನ್ನೈಗೆ ಅದು ತಟ್ಟಿದ ಒಂದು ಬಗೆಯನ್ನು ಹೇಳಿ ಮುಂದೆ ಹೋಗುತ್ತೇನೆ. 2017ರ ಡಿಸೆಂಬರಿನಲ್ಲಿ ಆಲ್ಫಾಝೀರೊ, ಆಗಿನ ಪ್ರಬಲ ಚೆಸ್ ಪ್ರೋಗ್ರಾಮ್ ಸ್ಟಾಕ್‌ಫಿಶ್ ಎದುರು ನೂರು ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡಿತು; ಒಂದೂ ಸೋಲಲಿಲ್ಲ. ಅಂಚಿನ ಪದಾತಿಯನ್ನು ನುಗ್ಗಿಸುವುದು, ದೂರದ ಲಾಭಕ್ಕಾಗಿ ಕಾಯಿ ಬಲಿಕೊಡುವುದು ಅದರ ಆಟದಲ್ಲಿ ಎದ್ದು ಕಂಡವು. ಅದೇ ವಿಧಾನದ ಲೀಲಾ ಎಂಬ ಮುಕ್ತ ಪ್ರೋಗ್ರಾಮ್ ಎಲ್ಲರ ಕೈಗೆ ಬಂತು. ಆಗ ಚೆನ್ನೈನ ಹುಡುಗ ಪ್ರಜ್ಞಾನಂದನಿಗೆ ಹನ್ನೆರಡು ವರ್ಷ, ಗುಕೇಶ್‌ಗೆ ಹನ್ನೊಂದು. ಚೆನ್ನೈನ ಈ ತಲೆಮಾರು ಕಣ್ಣುಬಿಟ್ಟು ಚೆಸ್ ಕಲಿತದ್ದೇ ಈ ಯಂತ್ರಗಳ ಕಾಲದಲ್ಲಿ. 2024ರ ಡಿಸೆಂಬರ್ 10ರಂದು ಹಸ್ಸಾಬಿಸ್ ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಪದಕ ಪಡೆದರು. 12ರಂದು ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ. ಆ ವಿಶ್ವ ಚಾಂಪಿಯನ್‌ಷಿಪ್‌ನ ಮುಖ್ಯ ಪ್ರಾಯೋಜಕರು ಗೂಗಲ್.

ಈಗ ಪ್ರೊಟೀನ್. ಪ್ರೊಟೀನ್ ಎಂದರೆ ಅಮೈನೊ ಆಮ್ಲಗಳ ಸರ. ಇಪ್ಪತ್ತು ಬಗೆಯ ಮಣಿಗಳು ಯಾವ ಕ್ರಮದಲ್ಲಿವೆ ಎಂಬುದು ಜೀನ್‌ನಲ್ಲಿ ಬರೆದಿರುತ್ತದೆ; ಆದರೆ ಸರ ಹಾಗೇ ಉದ್ದಕ್ಕೆ ಇರುವುದಿಲ್ಲ, ಮಡಿಚಿಕೊಂಡು ಒಂದು ನಿರ್ದಿಷ್ಟ ಆಕಾರ ತಾಳುತ್ತದೆ, ಆ ಆಕಾರವೇ ಅದರ ಕೆಲಸವನ್ನು ನಿರ್ಧರಿಸುತ್ತದೆ. ಕ್ರಮ ನೋಡಿ ಆಕಾರ ಹೇಳಬಹುದೇ? ಇದನ್ನು ಪರೀಕ್ಷಿಸಲು 1994ರಿಂದ, ಥೀಮ್ ಪಾರ್ಕ್ ಬಂದ ವರ್ಷದಿಂದಲೇ, ಎರಡು ವರ್ಷಕ್ಕೊಮ್ಮೆ ಕ್ಯಾಸ್ಪ್ ಎಂಬ ಸ್ಪರ್ಧೆ ನಡೆಯುತ್ತದೆ. ಪ್ರಯೋಗದಿಂದ ಆಕಾರ ಗೊತ್ತಾಗಿ ಇನ್ನೂ ಪ್ರಕಟವಾಗದ ಪ್ರೊಟೀನ್‌ಗಳನ್ನು ಕೊಟ್ಟು ಊಹಿಸಿ ಎನ್ನುತ್ತಾರೆ. ಅಂಕವಿದೆ, ಶ್ರೇಯಾಂಕವಿದೆ, ಅಂದರೆ ಇದೂ ಒಂದು ಟೂರ್ನಿ. ಕೇಂಬ್ರಿಜ್‌ನಲ್ಲಿ ಈ ಸಮಸ್ಯೆಯ ಹುಚ್ಚು ಹಿಡಿದಿದ್ದ ಸಹಪಾಠಿಯೊಬ್ಬರಿಂದ ಅದರ ಬಗ್ಗೆ ಕೇಳಿದ್ದಾಗಿ ಹಸ್ಸಾಬಿಸ್ ಹೇಳಿದ್ದಾರೆ. 2008ರಲ್ಲಿ ಸಿಯಾಟಲ್‌ನ ಡೇವಿಡ್ ಬೇಕರ್ ಅವರ ಪ್ರಯೋಗಾಲಯದಿಂದ ‘ಫೋಲ್ಡಿಟ್’ ಎಂಬ ವಿಡಿಯೊ ಗೇಮ್ ಬಂತು; ಮನೆಯಲ್ಲಿ ಕೂತ ಸಾಮಾನ್ಯ ಆಟಗಾರರು ಪ್ರೊಟೀನ್‌ಗಳನ್ನು ತಿರುಚಿ ತಿರುಚಿ ಒಳ್ಳೆಯ ಆಕಾರ ಹುಡುಕುತ್ತಿದ್ದರು. ಗೇಮ್ ಕಟ್ಟಿ ಬದುಕಿದ್ದವರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಹದಿನಾರು ವರ್ಷದ ಮೇಲೆ ಇದೇ ಬೇಕರ್ ಜೊತೆ ಹಸ್ಸಾಬಿಸ್ ಮತ್ತು ಸಹೋದ್ಯೋಗಿ ಜಾನ್ ಜಂಪರ್ ನೊಬೆಲ್ ಹಂಚಿಕೊಂಡರು.

ಡೀಪ್‌ಮೈಂಡ್‌ನ ಆಲ್ಫಾಫೋಲ್ಡ್ ಮೊದಲು ಕಣಕ್ಕಿಳಿದದ್ದು 2018ರ ಕ್ಯಾಸ್ಪ್‌ನಲ್ಲಿ. ಅದರ ವಿವರ 2020ರ ಜನವರಿಯಲ್ಲಿ ‘ನೇಚರ್’ನಲ್ಲಿ ಬಂತು. ಯಂತ್ರ ಎರಡು ವಿಷಯಗಳನ್ನು ಊಹಿಸುತ್ತಿತ್ತು: ಮಣಿ ಮಣಿಗಳ ನಡುವಿನ ದೂರ, ಮತ್ತು ಸರದ ಬೆನ್ನೆಲುಬು ಪ್ರತಿ ಕೀಲಿನಲ್ಲಿ ಎಷ್ಟು ತಿರುಗಿದೆ ಎಂಬ ಎರಡು ಕೋನಗಳು. ಆ ಕೋನಗಳಿಗೆ ಫೈ, ಸೈ ಎಂದು ಹೆಸರು. ಇಲ್ಲಿಗೆ ಬಂದಾಗ ನನ್ನ ಹುಡುಕಾಟ ಲಂಡನ್ ಬಿಟ್ಟು ಊರಿಗೆ ತಿರುಗಿತು. ಈ ಎರಡು ಕೋನಗಳನ್ನು ಹಿಡಿದು ಪ್ರೊಟೀನ್‌ಗೆ ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಎಂದು ನಕ್ಷೆ ಬರೆದದ್ದು ಚೆನ್ನೈನ ಗಿಂಡಿಯಲ್ಲಿ, 1963ರಲ್ಲಿ. ಜಗತ್ತು ಅದನ್ನು ರಾಮಚಂದ್ರನ್ ನಕ್ಷೆ ಎನ್ನುತ್ತದೆ.

ಜಿ.ಎನ್. ರಾಮಚಂದ್ರನ್ ಎರ್ನಾಕುಲಂನಲ್ಲಿ 1922ರಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದರು, ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮುಗಿಸಿ ಮತ್ತೆ ಬೆಂಗಳೂರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಭೌತಶಾಸ್ತ್ರ ವಿಭಾಗಕ್ಕೆ ರಾಮನ್ ಅವರನ್ನೇ ಕರೆದಾಗ, ರಾಮನ್ ತಾವು ಬಾರದೆ ಶಿಷ್ಯನ ಹೆಸರು ಹೇಳಿದರು. ಮೂವತ್ತರ ಆಸುಪಾಸಿನ ಪ್ರಾಧ್ಯಾಪಕ, ಹೊಸ ವಿಭಾಗ. ಏನು ಮಾಡುವುದು? ಆ ಹೊತ್ತಿಗೆ ಮದ್ರಾಸಿಗೆ ಬಂದಿದ್ದ ಇಂಗ್ಲೆಂಡಿನ ಜೆ.ಡಿ. ಬರ್ನಾಲ್, ಕೊಲಾಜನ್‌ನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲ ಎಂಬ ಸುಳಿವು ಕೊಟ್ಟರು. ಕೊಲಾಜನ್ ಚರ್ಮ, ಮೂಳೆ, ಸ್ನಾಯುರಜ್ಜುಗಳ ಪ್ರೊಟೀನ್. ಸರ್ದಾರ್ ಪಟೇಲ್ ರಸ್ತೆ ದಾಟಿದರೆ ಎದುರಿಗೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ಅಲ್ಲಿಂದ ಕಾಂಗರೂ ಬಾಲದ ಸ್ನಾಯುರಜ್ಜು ಸಿಕ್ಕಿತು. ಈಗಲೂ ಆ ರಸ್ತೆಯಲ್ಲಿ ಬಸ್ಸಿನಿಂದ ಇಳಿದರೆ ಎರಡೂ ಆವರಣಗಳು ಕಾಣುತ್ತವೆ. ವಿಜ್ಞಾನದ ಇತಿಹಾಸ ಇಷ್ಟು ನಡೆದಾಡಬಹುದಾದ ಅಳತೆಯಲ್ಲಿ ಸಿಗುವುದು ಕಡಿಮೆ.

ಗೋಪಿನಾಥ್ ಕರ್ತಾ ಜೊತೆ ರಾಮಚಂದ್ರನ್ 1954ರಲ್ಲಿ ‘ನೇಚರ್’ಗೆ ಬರೆದರು: ಕೊಲಾಜನ್‌ನಲ್ಲಿ ಮೂರು ಎಳೆಗಳಿವೆ. ಮರುವರ್ಷವೇ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪವೆತ್ತಿದರು. ಮೂರೆಳೆ ಸರಿ, ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಇರಬಾರದಷ್ಟು ಹತ್ತಿರ ಬಂದಿವೆ. ಆಗಷ್ಟೇ ಡಿ.ಎನ್.ಎ. ಬಿಡಿಸಿದ ಕ್ರಿಕ್ ಮಾತು, ಯಾರಾದರೂ ತಲೆತಗ್ಗಿಸುತ್ತಿದ್ದರು. ರಾಮಚಂದ್ರನ್ ಬೇರೆ ಪ್ರಶ್ನೆ ಕೇಳಿದರು: ಎಷ್ಟು ಹತ್ತಿರ ಎಂದರೆ ತೀರಾ ಹತ್ತಿರ? ಅಲ್ಲಿಯವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳ ಅಳತೆಗಳನ್ನು ಅವರ ತಂಡ ಕಲೆಹಾಕಿತು. ಇಂಗಾಲ–ಇಂಗಾಲ ಎಷ್ಟು ದೂರವಿರಬೇಕು, ಆಮ್ಲಜನಕ–ಸಾರಜನಕ ಎಷ್ಟು ದೂರ ಎಂಬ ಕನಿಷ್ಠ ಮಿತಿಗಳನ್ನು ಗೊತ್ತು ಮಾಡಿಕೊಂಡಿತು. ಇದೂ ಪಟ್ಟಿ ಹಿಡಿದು ಹೊರಟವರ ಕೆಲಸವೇ. ಆಮೇಲೆ ಫೈ, ಸೈ ಕೋನಗಳನ್ನು ಒಂದೊಂದೇ ಹೆಜ್ಜೆ ತಿರುಗಿಸುತ್ತ, ಪ್ರತಿ ಸ್ಥಿತಿಯಲ್ಲೂ ಪರಮಾಣುಗಳು ಢಿಕ್ಕಿ ಹೊಡೆಯುತ್ತವೆಯೇ ಎಂದು ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದರು.

ಫಲಿತಾಂಶ ಒಂದು ಚೌಕ. ಅಡ್ಡಕ್ಕೆ ಒಂದು ಕೋನ, ಉದ್ದಕ್ಕೆ ಇನ್ನೊಂದು. ಮುಕ್ಕಾಲು ಪಾಲಿಗೂ ಹೆಚ್ಚು ಜಾಗ ನಿಷಿದ್ಧ. ಅಲ್ಲಿಗೆ ಹೋದರೆ ಪರಮಾಣುಗಳು ಮೈಮೇಲೆ ಬೀಳುತ್ತವೆ. ಉಳಿದ ಕೆಲವು ದ್ವೀಪಗಳಲ್ಲಿ ಮಾತ್ರ ಪ್ರೊಟೀನ್ ಇರಲು ಸಾಧ್ಯ. ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯ ಏಳನೆಯ ಸಂಪುಟ, 95ರಿಂದ 99ನೆಯ ಪುಟ. ಐದೇ ಪುಟ. ಅದಾದ ಮೇಲೆ ಪ್ರಯೋಗದಿಂದ ಬಗೆಹರಿದ ಪ್ರೊಟೀನ್‌ಗಳು ಒಂದೊಂದಾಗಿ ಬಂದು ಆ ದ್ವೀಪಗಳಲ್ಲೇ ಕೂತವು. ಇಂದು ಜಗತ್ತಿನ ಪ್ರೊಟೀನ್ ಕೋಶಕ್ಕೆ ಯಾವುದೇ ರಚನೆ ಸೇರಬೇಕಾದರೆ ಅದರ ತಪಾಸಣಾ ವರದಿಯಲ್ಲಿ ಒಂದು ಸಾಲು ಇರಲೇಬೇಕು: ಶೇಕಡಾ ಎಷ್ಟು ಕೀಲುಗಳು ರಾಮಚಂದ್ರನ್ ನಕ್ಷೆಯ ಆಚೆ ಬಿದ್ದಿವೆ? ಹೆಚ್ಚು ಬಿದ್ದಿದ್ದರೆ ತಪ್ಪು ಪ್ರೊಟೀನ್‌ನದಲ್ಲ, ರಚನೆ ಬಿಡಿಸಿದವರದು. ಆಲ್ಫಾಫೋಲ್ಡ್ ಕಲಿತದ್ದು ಆ ಕೋಶದ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ರಚನೆಗಳಿಂದ. ಯಂತ್ರಕ್ಕೆ ಸಿಕ್ಕ ಪಾಠದಲ್ಲಿ ಗಿಂಡಿಯ ನಿಯಮ ಆಗಲೇ ಬೆರೆತಿತ್ತು.

ಎಲಿಕ್ಸಿರ್‌ನ ಹತ್ತು ಲಕ್ಷ ಪ್ರಜೆಗಳಿಗೆ ನಿಯಮಗಳನ್ನು ಬರೆದು ಮುಗಿಸಲಾಗಲಿಲ್ಲ. ರಾಮಚಂದ್ರನ್ ತಂಡ ತಿರುಗುಮುರುಗಾಗಿ ಹೊರಟಿತ್ತು: ಏನಾಗಬೇಕು ಎಂದು ಬರೆಯಲಿಲ್ಲ, ಏನಾಗಬಾರದು ಎಂದಷ್ಟೇ ಬರೆದರು, ಉಳಿದದ್ದನ್ನು ಪ್ರೊಟೀನ್‌ಗೆ ಬಿಟ್ಟರು. ಗೇಮ್ ಡೆವಲಪರ್ ಒಬ್ಬರ ಕಡತದಲ್ಲಿ ಈ ಐದು ಪುಟಗಳಿಗೆ ಜಾಗ ಕೊಟ್ಟದ್ದು ಊರಿನ ಮೇಲಿನ ಅಭಿಮಾನದಿಂದಲ್ಲ. ಕ್ಯಾಸ್ಪ್ ಎಂಬ ಟೂರ್ನಿಯ ಹಲಗೆಯನ್ನು ಗೆರೆ ಎಳೆದು ಕೊಟ್ಟವರಲ್ಲಿ ಇವರೂ ಇದ್ದಾರೆ.

ಆ ಲೇಖನದ ಲೇಖಕರು ಮೂವರು: ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್. ನಕ್ಷೆಗೆ ಉಳಿದದ್ದು ಮೊದಲ ಹೆಸರು. ಎಲ್ಲ ಪಟ್ಟಿಗಳಿಗೂ ಈ ರೋಗ ಇದ್ದದ್ದೇ. 2021ರ ಆಲ್ಫಾಫೋಲ್ಡ್ ಲೇಖನದ ಉದ್ದನೆಯ ಸಾಲಿನಿಂದ ನೊಬೆಲ್‌ಗೆ ಹೋದದ್ದು ಮೊದಲನೆಯ ಮತ್ತು ಕೊನೆಯ ಹೆಸರು. ಮುದಲಿಯಾರ್ ನಿವೃತ್ತರಾದ ಮೇಲೆ ರಾಮಚಂದ್ರನ್ ಮದ್ರಾಸ್ ಬಿಟ್ಟು ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ಘಟಕ ಕಟ್ಟಿದರು. ಅದೇ ಘಟಕದ ಪ್ರಾಧ್ಯಾಪಕರ ಪಟ್ಟಿಯಲ್ಲಿ ರಾಮಕೃಷ್ಣನ್, ಶಶಿಶೇಖರನ್ ಇಬ್ಬರ ಹೆಸರೂ ಸಿಗುತ್ತವೆ. ಬೆಂಗಳೂರಿನ ಓದುಗರು ಇದನ್ನು ಚೆನ್ನೈಗೆ ಬರದೆಯೇ ಹುಡುಕಬಹುದಿತ್ತು.

ಕೊನೆಗೊಂದು ಪರೀಕ್ಷೆ ಮಾಡಿ ನೋಡಿದೆ. ಆಲ್ಫಾಫೋಲ್ಡ್ ಕೋಶ ಎಲ್ಲರಿಗೂ ತೆರೆದಿದೆಯಲ್ಲ, ಅದರಲ್ಲಿ ಮನುಷ್ಯನ ಕೊಲಾಜನ್ ತೆಗೆದೆ. ಕ್ರಮಸಂಖ್ಯೆ ಪಿ02452, ಒಟ್ಟು 1464 ಅಮೈನೊ ಆಮ್ಲ, ಮೂರಕ್ಕೊಂದರಂತೆ ಗ್ಲೈಸಿನ್ ಬರುತ್ತ ಹೋಗುವ ಆ ಉದ್ದನೆಯ ಸರ. ತೆರೆಯ ಮೇಲೆ ಬಂದದ್ದು ಒಂಟಿ ಎಳೆ. ಈ ಕೋಶಕ್ಕಾಗಿ ಒಂದು ಸಲಕ್ಕೆ ಒಂದೇ ಸರವನ್ನು ಮಡಿಚಿದ್ದಾರೆ. ಮೂರು ಸರ ಒಂದನ್ನೊಂದು ಹೆಣೆದುಕೊಂಡರಷ್ಟೇ ಹುಟ್ಟುವ ಹುರಿ ಹಾಗಾಗಿ ಅಲ್ಲಿ ಇಲ್ಲ. ಆ ಮೂರೆಳೆಯ ಕಥೆ ಶುರುವಾದದ್ದನ್ನು ನೋಡಬೇಕಾದರೆ 1954ರ ‘ನೇಚರ್’ ಸಂಪುಟವನ್ನೇ ತೆರೆಯಬೇಕು.